ಒಂದು ಅಂಕಿ ತಪ್ಪಿದರೆ ಏನಾಗುತ್ತದೆ?

ವಿಮಾನ ನಿಲ್ದಾಣದ ಟವರಿನಲ್ಲಿ ಕೂತು ಪೈಲಟ್‌ಗಳಿಗೆ ರೇಡಿಯೋದಲ್ಲಿ ಸೂಚನೆ ಕೊಡುವ ಏರ್ ಟ್ರಾಫಿಕ್ ಕಂಟ್ರೋಲರ್ ಆಗಿದ್ದು, ನಿವೃತ್ತಿಯ ನಂತರ ಹಾಸನದಲ್ಲಿ ನೆಲೆಸಿರುವ ನಮ್ಮ ಅಂಕಣಕಾರರು ಈ ಸಲ ವಿಮಾನ ಹೊರಡುವ ಹೊತ್ತಿನ ತಪ್ಪುಗಳ ಬಗ್ಗೆ ಬಂದ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ಮಗಳು ಪೈಲಟ್ ತರಬೇತಿಗೆ ಸೇರಿ ಆರು ತಿಂಗಳಾಯಿತು. ಹೋದ ವಾರ ಫೋನ್ ಮಾಡಿ ಅತ್ತಳು. ಹೊರಡುವ ಮುಂಚೆ ಟವರಿನವರು ಹೇಳಿದ ಎತ್ತರವನ್ನು ವಾಪಸ್ ಹೇಳುವಾಗ ಒಂದು ಅಂಕಿ ತಪ್ಪಿತಂತೆ. ಅಷ್ಟಕ್ಕೇ ಅವಳ ಮೇಷ್ಟರು ಆವತ್ತಿನ ಹಾರಾಟವನ್ನೇ ನಿಲ್ಲಿಸಿಬಿಟ್ಟರಂತೆ. ಒಂದು ಅಂಕಿಗೆ ಇಷ್ಟು ಸಿಟ್ಟು ಬೇಕಾ ಸರ್?
– ಒಬ್ಬ ತಾಯಿ, ಮೂಡಿಗೆರೆ

ಉತ್ತರ: ಅಮ್ಮ, ಮಗಳ ಅಳು ಕೇಳಿ ನಿಮಗೆ ಸಂಕಟ ಆಗಿರುತ್ತದೆ, ಅದು ನನಗೆ ಅರ್ಥವಾಗುತ್ತದೆ. ಆದರೂ ನಾನು ಆ ಮೇಷ್ಟರ ಪರ.

ಹೊರಡುವ ವಿಮಾನಕ್ಕೆ ಮೊದಲು ಒಂದು ಕ್ಲಿಯರೆನ್ಸ್, ಅಂದರೆ ದಾರಿಯ ಅನುಮತಿ, ಬರುತ್ತದೆ. ಎಲ್ಲಿಗೆ, ಯಾವ ದಾರಿಯಲ್ಲಿ, ಮೊದಲು ಎಷ್ಟು ಎತ್ತರಕ್ಕೆ ಏರಿ ನಿಲ್ಲಬೇಕು, ಆಮೇಲೆ ಯಾವ ರೇಡಿಯೋ ಫ್ರೀಕ್ವೆನ್ಸಿಯಲ್ಲಿ ಮಾತಾಡಬೇಕು, ರೇಡಾರಿನಲ್ಲಿ ಗುರುತು ಸಿಗಲು ಯಾವ ನಾಲ್ಕಂಕಿ ಕೋಡ್, ಇಷ್ಟೂ ಅದರಲ್ಲಿರುತ್ತದೆ. ಪೈಲಟ್ ಬರೆದುಕೊಂಡು ಹಾಗೇ ವಾಪಸ್ ಒಪ್ಪಿಸಬೇಕು. ಅದೇ ರೀಡ್‌ಬ್ಯಾಕ್. ಈ ಕಡೆ ಕೂತವರು ಅದನ್ನು ಕಿವಿಗೊಟ್ಟು ಕೇಳಿ, ತಪ್ಪಿದ್ದರೆ ಆಗಲೇ ತಿದ್ದಬೇಕು.

ಒಂದು ಅಂಕಿ ಅಂದಿರಲ್ಲ, ಅದನ್ನೇ ಹೇಳುತ್ತೇನೆ. 1996ರ ನವೆಂಬರ್ 12ರ ಸಂಜೆ ದೆಹಲಿಯಿಂದ ಹೊರಟ ಸೌದಿಯಾ ವಿಮಾನಕ್ಕೆ 14,000 ಅಡಿಗೆ ಏರಿ ಅಲ್ಲೇ ಇರಿ ಎಂದಿದ್ದರು. ಎದುರಿನಿಂದ ಇಳಿಯುತ್ತಿದ್ದ ಕಜಕಸ್ತಾನದ ವಿಮಾನಕ್ಕೆ 15,000 ಅಡಿ. ಸೌದಿಯಾ ಹೇಳಿದ ಜಾಗದಲ್ಲೇ ಇತ್ತು, ಕಜಕಸ್ತಾನದ್ದು ಹೇಳಿದ್ದಕ್ಕಿಂತ ಕೆಳಗೆ ಇಳಿದುಬಿಟ್ಟಿತು. ಹರಿಯಾಣದ ಚರ್ಖಿ ದಾದ್ರಿ ಹತ್ತಿರ ಆಕಾಶದಲ್ಲೇ ಡಿಕ್ಕಿ. ಎರಡರಲ್ಲೂ ಇದ್ದ 349 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಅವರ ನಡುವೆ ಇರಬೇಕಾಗಿದ್ದದ್ದು ಒಂದೇ ಒಂದು ಸಾವಿರ ಅಡಿ, ಅಂದರೆ ಒಂದೇ ಅಂಕಿ.

ನನ್ನದೂ ಒಂದು ಇದೆ. ಒಂದು ಬೆಳಗ್ಗೆ ಎರಡು ವಿಮಾನಗಳ ನಂಬರು ಹೆಚ್ಚುಕಡಿಮೆ ಒಂದೇ ಥರ ಇತ್ತು. ನಾನು ಒಬ್ಬರಿಗೆ ಮೇಲೇರಲು ಹೇಳಿದೆ, ಇಬ್ಬರೂ ಒಟ್ಟಿಗೇ ರೀಡ್‌ಬ್ಯಾಕ್ ಕೊಟ್ಟರು. ನನಗೆ ಕೇಳಿದ್ದು ಒಬ್ಬರ ದನಿ, ಅದೂ ಅರ್ಧ. ಸರಿ ಇರಬೇಕು ಅಂದುಕೊಂಡು ಮುಂದಿನ ಕೆಲಸಕ್ಕೆ ಹೋದೆ. ಪಕ್ಕದಲ್ಲಿದ್ದ ಸಹೋದ್ಯೋಗಿ ತೋಳು ಹಿಡಿದು ಅಲುಗಿಸಿ 'ಇನ್ನೊಂದೂ ಏರುತ್ತಿದೆ ನೋಡಿ' ಎಂದರು. ತಕ್ಷಣ ತಡೆದೆ, ಏನೂ ಆಗಲಿಲ್ಲ. ಆ 'ಸರಿ ಇರಬೇಕು' ಅನ್ನುವುದೇ ನಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ಅಪಾಯದ್ದು. ಕಿವಿ ತಾನು ನಿರೀಕ್ಷಿಸಿದ್ದನ್ನೇ ಕೇಳಿಸಿಕೊಳ್ಳುತ್ತದೆ. ಮಗಳಿಗೆ ಇದನ್ನು ಓದಿ ಹೇಳಿ. ಅನುಮಾನ ಬಂದರೆ ಇನ್ನೊಮ್ಮೆ ಹೇಳಿ ಅಂತ ಕೇಳಲು ನಾಚಿಕೆ ಬೇಡ, ಎಷ್ಟೇ ಗಡಿಬಿಡಿ ಇದ್ದರೂ ಟವರಿನವರು ಹೇಳಿಯೇ ಹೇಳುತ್ತಾರೆ.

ಪ್ರಶ್ನೆ: ನಾನು ರೈಲ್ವೆಯಲ್ಲಿದ್ದವನು. ಹಿಂದೆ ಸಿಂಗಲ್ ಲೈನಿನಲ್ಲಿ ಟೋಕನ್ ಬಳೆ ಡ್ರೈವರ್ ಕೈಗೆ ಸಿಗದೆ ಗಾಡಿ ಕದಲುತ್ತಿರಲಿಲ್ಲ. ವಿಮಾನಕ್ಕೆ ಅಂಥದ್ದು ಇಲ್ವಾ?
– ಸಕಲೇಶಪುರದ ಓದುಗರು

ಉತ್ತರ: ಇಲ್ಲ ಸರ್, ನೀವು ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. ದಾರಿಯ ಕ್ಲಿಯರೆನ್ಸ್ ಈಗ ಎಷ್ಟೋ ದೊಡ್ಡ ನಿಲ್ದಾಣಗಳಲ್ಲಿ ಕಾಕ್‌ಪಿಟ್ಟಿನ ಪರದೆಗೆ ಅಕ್ಷರದಲ್ಲೇ ಬರುತ್ತದೆ, ಆದರೆ ಟೇಕಾಫ್ ಅನುಮತಿ ಇವತ್ತಿಗೂ ಬಾಯಿಮಾತು. ಕೈಯಲ್ಲಿ ಹಿಡಿಯುವಂಥದ್ದು ಏನೂ ಇರುವುದಿಲ್ಲ.

1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್ ದ್ವೀಪದಲ್ಲಿ ಆಗಿದ್ದೂ ಇದೇ. ಆವತ್ತು ರನ್‌ವೇ ಮೇಲೆ ಮಂಜು ಕವಿದಿತ್ತು, ಮಳೆಗಾಲದಲ್ಲಿ ನಿಮ್ಮ ಘಾಟಿಯಲ್ಲಿ ಕವಿಯುವಂಥದ್ದೇ. ಒಂದು ತುದಿಯಲ್ಲಿ ಡಚ್ ಕಂಪನಿ ಕೆಎಲ್ಎಂನ ಜಂಬೋ ನಿಂತಿದೆ, ಅದೇ ರನ್‌ವೇ ಮೇಲೆ ಎದುರಿಗೆ ಅಮೆರಿಕದ ಪ್ಯಾನ್ ಆಮ್ ಕಂಪನಿಯ ಜಂಬೋ ನಿಧಾನಕ್ಕೆ ಬರುತ್ತಿದೆ. ಕೆಎಲ್ಎಂಗೆ ಸಿಕ್ಕಿದ್ದು ದಾರಿಯ ಕ್ಲಿಯರೆನ್ಸ್ ಮಾತ್ರ, ಆದರೆ ಅದರೊಳಗೆ ಟೇಕಾಫ್ ಆದಮೇಲೆ ಬಲಕ್ಕೆ ತಿರುಗಿ ಅನ್ನುವ ಮಾತಿತ್ತು. ಅದನ್ನೇ ಟೇಕಾಫ್ ಅನುಮತಿ ಅಂದುಕೊಂಡು ಕ್ಯಾಪ್ಟನ್ ವಿಮಾನ ಓಡಿಸಿಯೇಬಿಟ್ಟರು. ತಡೆಯಿರಿ, ನಾನೇ ಕರೆಯುತ್ತೇನೆ ಅಂತ ಟವರಿನವರು ಹೇಳಿದ್ದೂ, ನಾವಿನ್ನೂ ರನ್‌ವೇ ಮೇಲಿದ್ದೇವೆ ಅಂತ ಪ್ಯಾನ್ ಆಮ್‌ನವರು ಹೇಳಿದ್ದೂ ಒಂದೇ ಗಳಿಗೆಯಲ್ಲಿ ರೇಡಿಯೋದಲ್ಲಿ ಸಿಕ್ಕಿಕೊಂಡು, ಕೆಎಲ್ಎಂನವರಿಗೆ ಕೇಳಿದ್ದು ಕೀರಲು ಸದ್ದು. ಪ್ಯಾನ್ ಆಮ್ ಇನ್ನೂ ಸರಿದಿಲ್ಲವೇನೋ ಅಂತ ಕೆಎಲ್ಎಂನ ಫ್ಲೈಟ್ ಎಂಜಿನಿಯರ್ ಅನುಮಾನ ಪಟ್ಟು ಕೇಳಿದರೂ ಕ್ಯಾಪ್ಟನ್ ನಿಲ್ಲಿಸಲಿಲ್ಲ. 583 ಜನ ಸತ್ತರು. ಆಮೇಲೆ ನಿಯಮ ಬದಲಾಯಿತು. ಟೇಕಾಫ್ ಅನ್ನುವ ಪದವನ್ನು ಆ ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಮಾತ್ರ ಆಡಬೇಕು, ಬೇರೆ ಕಡೆಯೆಲ್ಲ ಡಿಪಾರ್ಚರ್ ಅನ್ನಬೇಕು. ನಿಮ್ಮ ಟೋಕನ್ನಿಗೆ ನಮ್ಮಲ್ಲಿ ಇರುವುದು ಆ ಒಂದು ಪದ.

ಹಾಗಂತ ರೀಡ್‌ಬ್ಯಾಕ್ ಸರಿ ಇದ್ದರೆ ಎಲ್ಲ ಸರಿ ಅಂತಲೂ ಅಲ್ಲ. 2024ರ ಜನವರಿ 2ರಂದು ಟೋಕಿಯೋದ ಹನೇಡಾ ವಿಮಾನ ನಿಲ್ದಾಣದಲ್ಲಿ ಕೋಸ್ಟ್ ಗಾರ್ಡ್ ವಿಮಾನಕ್ಕೆ, ಹೊರಡುವ ಸಾಲಿನಲ್ಲಿ ನೀವು ನಂಬರ್ 1, ರನ್‌ವೇ ಹೊರಗೆ ನಿಲ್ಲುವ ಜಾಗಕ್ಕೆ ಬನ್ನಿ ಎಂದಿದ್ದರು. ವಾಪಸ್ ಸರಿಯಾಗೇ ಹೇಳಿದರು. ಆದರೂ ರನ್‌ವೇ ಒಳಗೇ ಹೋಗಿ ನಿಂತರು. ಇಳಿದ ಜಪಾನ್ ಏರ್‌ಲೈನ್ಸ್ ವಿಮಾನ ಅದಕ್ಕೆ ಗುದ್ದಿತು. ಜಪಾನ್ ಏರ್‌ಲೈನ್ಸ್‌ನಲ್ಲಿದ್ದ 379 ಜನರೂ ಉರಿಯುವ ವಿಮಾನದಿಂದ ಪಾರಾದರು. ಭೂಕಂಪದ ಸಂತ್ರಸ್ತರಿಗೆ ಸಾಮಾನು ಒಯ್ಯಲು ಹೊರಟಿದ್ದ ಕೋಸ್ಟ್ ಗಾರ್ಡಿನ 6 ಜನರಲ್ಲಿ 5 ಜನ ತೀರಿಹೋದರು. ನೆನೆದರೆ ಈಗಲೂ ಹೊಟ್ಟೆ ಕಲಕುತ್ತದೆ.

ಪ್ರಶ್ನೆ: ದಾರಿ ಎಲ್ಲ ಕಂಪ್ಯೂಟರಿನಲ್ಲೇ ಇರುವಾಗ ವಿಮಾನ ತಪ್ಪು ಕಡೆ ತಿರುಗುವುದು ಹೇಗೆ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಚಿಕ್ಕಮಗಳೂರು

ಉತ್ತರ: ಕಂಪ್ಯೂಟರಿಗೆ ದಾರಿ ತುಂಬುವವರು ಪೈಲಟ್ಟುಗಳೇ ಅಲ್ವಾ. ಜಾಸ್ತಿ ಎಡವಟ್ಟಾಗುವುದು ಕೊನೇ ಗಳಿಗೆಯ ಬದಲಾವಣೆಯಲ್ಲಿ. ಗಾಳಿ ದಿಕ್ಕು ಬದಲಾಗುತ್ತದೆ, ರನ್‌ವೇ ಬದಲಾಗುತ್ತದೆ, ಅದರ ಜೊತೆ ಹೊರಡುವ ದಾರಿಯೂ. ಪೈಲಟ್ ಹೊಸ ಕ್ಲಿಯರೆನ್ಸನ್ನು ಸರಿಯಾಗಿ ಒಪ್ಪಿಸಿ, ಕಂಪ್ಯೂಟರಿನಲ್ಲಿ ಹಳೆಯದನ್ನೇ ಬಿಟ್ಟಿದ್ದರೆ ವಿಮಾನ ಮೇಲೇರಿ ಹಳೇ ದಾರಿಗೇ ತಿರುಗುತ್ತದೆ. ಅದಕ್ಕೇ ಬದಲಾವಣೆ ಬಂದಾಗ ಒಬ್ಬರು ತುಂಬಿದ್ದನ್ನು, ಕ್ಲಿಯರೆನ್ಸ್ ಬರೆದುಕೊಂಡ ಚೀಟಿ ಜೊತೆ ಇನ್ನೊಬ್ಬರು ಒಂದೊಂದಾಗಿ ಹೋಲಿಸಿ ನೋಡಬೇಕು. ಗಡಿಬಿಡಿ ಇದ್ದರೆ ವಿಮಾನವನ್ನು ನಿಲ್ಲಿಸಿಕೊಂಡೇ ನೋಡಬೇಕು. ಮುಂದಿನ ಸಲ ವಿಮಾನ ಹತ್ತಿದಾಗ ರನ್‌ವೇ ಹತ್ತಿರ ಬಂದು ಸುಮ್ನೆ ಎರಡು ನಿಮಿಷ ನಿಂತರೆ ಬೇಜಾರು ಮಾಡಿಕೊಳ್ಳಬೇಡಿ. ಮುಂದೆ ಕೂತವರು ಇದನ್ನೇ ಮಾಡುತ್ತಿರಬಹುದು.