ನೀರಿಗೆ ವಿದ್ಯುತ್ ಹಾಯಿಸಿದರೆ ಅಡಿಕೆಯ ಕೊಳೆರೋಗ ನಿಲ್ಲುತ್ತದೆಯೇ?

ಸಾಗರದ ಬಳಿ ಎರಡು ಎಕರೆ ಅಡಿಕೆ ತೋಟವಿದೆ, ನೀರಿಗೆ ವಿದ್ಯುತ್ ಹಾಯಿಸಿ ರೋಗಾಣು ಕೊಂದು ಸಾರಜನಕವನ್ನೂ ತುಂಬುವ ಯಂತ್ರ ಕೊಂಡರೆ ಕೊಳೆರೋಗ ನಿಂತೀತೇ ಎಂದು ಕೇಳಿದ್ದೀರಿ. ಕೊಳೆರೋಗಕ್ಕಾಗಿಯಾದರೆ ಬೇಡ. ನಾನೂ ತೀರ್ಥಹಳ್ಳಿ ಕಡೆಯ ತೋಟದವನು. ಆ ರೋಗ ಗೊನೆಗೆ ಹತ್ತುವುದು ಮಳೆಗಾಲದಲ್ಲಿ. ಆಗ ನಾವು ಯಾರೂ ತೋಟಕ್ಕೆ ನೀರು ಬಿಡುವುದೇ ಇಲ್ಲ! ಅದರ ಶಿಲೀಂಧ್ರದಂಥ ರೋಗಾಣು ಮಳೆಹನಿಯ ಸಿಡಿತದಲ್ಲಿ, ಗಾಳಿಯಲ್ಲಿ ಗೊನೆಯಿಂದ ಗೊನೆಗೆ ಹೋಗುತ್ತದೆ. ಮಳೆ ಹಿಡಿಯುವ ಮೊದಲು ಗೊನೆಗೆ ಶೇ. 1ರ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಮಿಶ್ರಣ) ಸಿಂಪಡಿಸಬೇಕು, 40–45 ದಿನಕ್ಕೆ ಇನ್ನೊಮ್ಮೆ. ಅದಕ್ಕೆ ಬದಲಿ ಈ ಯಂತ್ರವಲ್ಲ.

ಹಾಗೆಂದು ಯಂತ್ರ ಸುಳ್ಳೂ ಅಲ್ಲ. ಕ್ಲೋರೈಡ್ (ಅಡುಗೆ ಉಪ್ಪಿನಂಥ ಲವಣಗಳಲ್ಲಿರುವ ಅಂಶ) ಇರುವ ನೀರಿನಲ್ಲಿ ವಿದ್ಯುತ್ ಹರಿದರೆ ಕ್ಲೋರಿನ್ ಹುಟ್ಟಿ ಹೈಪೋಕ್ಲೋರಸ್ ಆಮ್ಲವಾಗುತ್ತದೆ, ರೋಗಾಣು ಸಾಯುವುದು ಅದರಿಂದ. ನಮ್ಮ ಹಳ್ಳದ ನೀರಿನಲ್ಲಿ ಲವಣವೇ ಕಡಿಮೆ, ಹೊರಗಿನಿಂದ ಬೆರೆಸಬೇಕು. ಅಡುಗೆ ಉಪ್ಪು ಸುರಿದರೆ ಸೋಡಿಯಂ ಮಣ್ಣಿಗಿಳಿದು ಅದನ್ನು ಕೆಡಿಸುತ್ತದೆ. ಪೊಟ್ಯಾಸಿಯಂ ಕ್ಲೋರೈಡ್ ವಾಸಿ. ಆದರೂ ಬುಡದ ಸೊಪ್ಪು, ಗೊಬ್ಬರ ಮುಟ್ಟಿದೊಡನೆ ಆ ಕ್ಲೋರಿನ್ ಅಲ್ಲೇ ಖರ್ಚಾಗಿಬಿಡುತ್ತದೆ.

ಸಾರಜನಕದ ಮಾತು ಬೇರೆ. ಗಾಳಿಯಲ್ಲಿ ವಿದ್ಯುತ್ ಕಿಡಿ ಹಾರಿಸಿ, ಹುಟ್ಟಿದ ಅನಿಲವನ್ನು ನೀರಿನಲ್ಲಿ ಕರಗಿಸಿದರೆ ಗಿಡ ಹೀರಬಲ್ಲ ಸಾರಜನಕ, ಅಂದರೆ ನೈಟ್ರೇಟ್ ಸಿಗುತ್ತದೆ. ನಾರ್ವೆಯ ವಿಜ್ಞಾನಿ ಬಿರ್ಕೆಲಾಂಡ್ ಮತ್ತು ಎಂಜಿನಿಯರ್ ಐಡೆ 1903ರಲ್ಲೇ ಈ ದಾರಿ ಹಿಡಿದವರು. ಜಲಪಾತಗಳ ಅಗ್ಗದ ವಿದ್ಯುತ್ ಇದ್ದ ಅವರ ನಾಡೇ ಕೊನೆಗೆ ಅದನ್ನು ಕೈಬಿಟ್ಟಿತು. ಕಿಡಿ ಹಾರಿಸುವ ಅವರ ಕುಲುಮೆ ಒಂದು ಯೂನಿಟ್ ವಿದ್ಯುತ್ತಿಗೆ ಕೊಡುತ್ತಿದ್ದುದು ಸುಮಾರು 60 ಗ್ರಾಂ ನೈಟ್ರಿಕ್ ಆಮ್ಲ. ಅದರಲ್ಲಿ ಸಾರಜನಕ 13 ಗ್ರಾಂ. ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ ಶಿಫಾರಸು, ಅಂದರೆ ಮರಕ್ಕೆ ಏಳೆಂಟು ಯೂನಿಟ್. ಅಷ್ಟೇ ಸಾರಜನಕ 220 ಗ್ರಾಂ ಯೂರಿಯಾದಲ್ಲಿದೆ, ಬೆಲೆ ಎರಡು ರೂಪಾಯಿಯೂ ಆಗದು. ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತವಲ್ಲವೇ ಎನ್ನಬಹುದು. ಸಾವಿರ ಮರಕ್ಕೆ ಏಳೂವರೆ ಸಾವಿರ ಯೂನಿಟ್ ಬೇಕು. ತ್ರೀ ಫೇಸ್ ಬರುವ ಆ ನಾಲ್ಕಾರು ಗಂಟೆಯಲ್ಲಿ ನೀರೆತ್ತುವುದೋ, ಕಿಡಿ ಹಾರಿಸುವುದೋ? ಮಾರಲು ಬಂದವರನ್ನು ಯೂನಿಟ್ಟಿಗೆ ಎಷ್ಟು ಗ್ರಾಂ ಸಾರಜನಕ ಎಂದು ಕೇಳಿ ನೋಡಿ.

ನೀವು ಕಾಳುಮೆಣಸಿನ ಸಸಿ ಮಾಡುವವರಾದರೆ ಲೆಕ್ಕ ಬೇರೆ. ಕೆರೆಯ ನೀರನ್ನು ತೊಟ್ಟಿಗೆ ತುಂಬಿ ಸಸಿಗಳಿಗೆ ಹಾಕುವಲ್ಲಿ ಸೊರಗು ರೋಗ ನಿಜವಾಗಿಯೂ ನೀರಿನ ಜೊತೆ ಬರಬಹುದು. ಅಲ್ಲಿ ಕ್ಲೋರಿನ್ ಕೆಲಸ ಮಾಡುತ್ತದೆ. ಆದರೆ ಸಣ್ಣ ತೊಟ್ಟಿಗೆ ಬ್ಲೀಚಿಂಗ್ ಪೌಡರನ್ನೇ ಅಳತೆಯಿಂದ ಹಾಕಿ, ಕ್ಲೋರಿನ್ ಇಳಿದ ಮೇಲೆ ಸಸಿಗಳಿಗೆ ಕೊಟ್ಟರೂ ಆದೀತು.