'ವಿಭಜಿಸಲ್ಪಟ್ಟಿತು' ಅಂದ್ರೆ, ವಿಭಜಿಸಿದ್ದು ಯಾರು?

ನಮಸ್ಕಾರ,

ನಿಮ್ಮ 'ಮಹಾಶಕ್ತಿಗಳ ಚದುರಂಗ' ಲೇಖನ ಬಂದು ತಲುಪಿತು. ಅಮೆರಿಕ-ಸೋವಿಯತ್ ಪೈಪೋಟಿ ಮುಗಿದು ಮೂವತ್ತು ವರ್ಷದ ಮೇಲಾದ್ರೂ ಕೊರಿಯಾದ ಮನೆಗಳಲ್ಲಿ ಅದು ಹೇಗೆ ಉಳಿದುಕೊಂಡಿದೆ ಅನ್ನೋ ವಿಷಯ ಆರಿಸಿಕೊಂಡಿದ್ದೀರಿ, ಓದಿಕೊಂಡು ಬರೆದಿದ್ದೀರಿ, ಕಾಗುಣಿತ ಚೊಕ್ಕವಾಗಿದೆ. ಆದ್ರೆ ಈಗಿರೋ ಹಾಗೆ ಹಾಕೋಕಾಗಲ್ಲ. ನಿನ್ನೆ ರಾತ್ರಿ ಎರಡು ಸಲ ಓದಿದೆ, ಎರಡನೇ ಸಲ ನಿಜಕ್ಕೂ ಸಿಟ್ಟು ಬಂತು, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಮೊದಲ ವಾಕ್ಯ: "ಮಹಾಶಕ್ತಿಗಳ ಪೈಪೋಟಿಯಿಂದಾಗಿ ಕೊರಿಯಾ ಎರಡಾಗಿ ವಿಭಜಿಸಲ್ಪಟ್ಟಿತು." ಈ 'ಲ್ಪಟ್ಟಿತು' ನಂಗೆ ಆಗಿಬರಲ್ಲ. ನಿಮ್ಮೂರಲ್ಲಿ ಯಾರಾದ್ರೂ 'ಗದ್ದೆ ಭಾಗ ಮಾಡಲ್ಪಟ್ಟಿತು' ಅಂತಾರಾ? 'ದೊಡ್ಡಪ್ಪ ಭಾಗ ಮಾಡಿಸಿದ, ಬಾವಿ ತನ್ನ ಕಡೆ ಬರೋ ಹಾಗೆ ನೋಡ್ಕೊಂಡ' ಅಂತಾರೆ. ಕೊರಿಯಾನ ಭಾಗ ಮಾಡಿದವರಿಗೂ ಹೆಸರಿದೆ. 1945ರ ಆಗಸ್ಟ್ 10ರ ನಡುರಾತ್ರಿ ವಾಷಿಂಗ್ಟನ್‌ನಲ್ಲಿ ಡೀನ್ ರಸ್ಕ್, ಚಾರ್ಲ್ಸ್ ಬೋನ್‌ಸ್ಟೀಲ್ ಅನ್ನೋ ಇಬ್ಬರು ಕರ್ನಲ್‌ಗಳಿಗೆ ಅರ್ಧ ಗಂಟೆ ಟೈಮ್ ಕೊಟ್ರು, ಅವ್ರು ನ್ಯಾಷನಲ್ ಜಿಯಾಗ್ರಫಿಕ್ ಮ್ಯಾಪ್ ನೋಡ್ಕೊಂಡು, ಸಿಯೋಲ್ ತಮ್ಮ ಪಾಲಿಗೆ ಬರಲಿ ಅಂತ 38ನೇ ಅಕ್ಷಾಂಶ ಆರಿಸಿದ್ರು, ಆ ಕಡೆ ಸ್ಟಾಲಿನ್ ತಕರಾರಿಲ್ಲದೆ ಒಪ್ಪಿದ, ಕೊರಿಯಾದ ಒಬ್ಬರನ್ನೂ ಯಾರೂ ಕೇಳಲಿಲ್ಲ. ಇಷ್ಟನ್ನೂ ನಿಮ್ಮ ಒಂದೇ ಒಂದು ಕ್ರಿಯಾಪದ ನುಂಗಿಬಿಟ್ಟಿದೆ.

ಎರಡನೇದು: "ಲಕ್ಷಾಂತರ ಕುಟುಂಬಗಳು ಬೇರ್ಪಟ್ಟವು." ಸರಿ, ಆಮೇಲೆ? 1983ರ ಜೂನ್ 30ಕ್ಕೆ ದಕ್ಷಿಣ ಕೊರಿಯಾದ ಕೆಬಿಎಸ್ ಟಿವಿ, 1950-53ರ ಕೊರಿಯಾ ಯುದ್ಧದಲ್ಲಿ ಕಳೆದುಹೋದ ನೆಂಟರನ್ನ ಹುಡುಕೋಕೆ 95 ನಿಮಿಷದ ಒಂದು ಕಾರ್ಯಕ್ರಮ ಇಟ್ಕೊಂಡಿತ್ತು. ಅದು 138 ದಿನ ನಡೀತು, ಒಟ್ಟು 453 ಗಂಟೆ ಲೈವ್. ಜನ ಎದೆ ಮುಂದೆ ಬೋರ್ಡ್ ಹಿಡ್ಕೊಂಡು ಕ್ಯಾಮೆರಾ ಮುಂದೆ ನಿಂತ್ರು, ಬೋರ್ಡಲ್ಲಿ ಅಪ್ಪನ ಹೆಸರು, ಊರು, ಎಲ್ಲಿ ಕೈ ತಪ್ಪಿತು ಅನ್ನೋದು. ಒಳಗೆ ಜಾಗ ಸಾಲದೆ ಸ್ಟೇಷನ್ನಿನ ಹೊರಗೋಡೆಗೆಲ್ಲ ಚೀಟಿ ಅಂಟಿಸಿದ್ರು. ಹತ್ತು ಸಾವಿರಕ್ಕೂ ಹೆಚ್ಚು ಮಂದಿಗೆ ತಮ್ಮವರು ಸಿಕ್ಕರು, ಅದೂ ಒಂದೇ ದೇಶದೊಳಗೆ ಮೂವತ್ತು ವರ್ಷ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಬದುಕಿದ್ದವರು! ಗೆರೆಯ ಆಚೆ ಉಳಿದವರ ಲೆಕ್ಕ ಬೇರೆ. ನೀವಿದನ್ನ 'ಬೇರ್ಪಟ್ಟವು' ಅಂತ ಬರೆದು ಮುಂದಕ್ಕೆ ಹೋಗಿಬಿಟ್ರಿ.

ನಾನೂ ಇದೇ ತಪ್ಪು ಮಾಡಿದವನು. 2000ದ ಆಗಸ್ಟ್, ಪೇಪರೊಂದರ ಡೆಸ್ಕಿಗೆ ಸೇರಿ ಆರು ತಿಂಗಳಾಗಿತ್ತು. ಉತ್ತರ, ದಕ್ಷಿಣದ ತಲಾ ನೂರು ಜನ ಮೊದಲ ಸಲ ವಿಮಾನದಲ್ಲಿ ಆಚೀಚೆ ಹೋಗಿ ಅಣ್ಣತಮ್ಮ, ಅಕ್ಕತಂಗಿಯರನ್ನ ನೋಡಿದ ಸುದ್ದಿ ರಾತ್ರಿ ಏಜೆನ್ಸಿಯಿಂದ ಬಂತು. ನಾನು ಕೂತು 'ಭಾವುಕ ಕ್ಷಣಗಳಿಗೆ ಸಾಕ್ಷಿಯಾಗಲಾಯಿತು' ಅಂತ ಅನುವಾದ ಮಾಡಿದೆ. ಚೀಫ್ ಸಬ್ ಎಡಿಟರ್ ಓದಿದ್ರು, ಬೈಯಲಿಲ್ಲ. "ಇವ್ರು ಮತ್ತೆ ಯಾವಾಗ ಸಿಗ್ತಾರಪ್ಪ?" ಅಂತ ಮಾತ್ರ ಕೇಳಿದ್ರು. ನಂಗೆ ಗೊತ್ತಿರಲಿಲ್ಲ. ವಾಪಸ್ ಹೋಗಿ ಕಾಪಿ ತೆಗೆದು ನೋಡ್ದೆ, ಉತ್ತರ ಇತ್ತು, ಜಾಗ ಇಲ್ಲ ಅಂತ ನಾನೇ ಕಟ್ ಮಾಡಿದ್ದ ಕೊನೇ ಪ್ಯಾರಾದಲ್ಲಿ: ನಾಲ್ಕು ದಿನ, ಆಮೇಲೆ ಫೋನಿಲ್ಲ, ಕಾಗದ ಇಲ್ಲ. ಅವ್ರು ಆ ಪ್ಯಾರಾನ ತಂದು ಮೇಲಿಟ್ರು, ನಂದೆಲ್ಲ ಹೊಡೆದುಹಾಕಿದ್ರು. ಆ ಕೆಂಪು ಗೀಟುಗಳು ಈಗಲೂ ಕಣ್ಣಿಗೆ ಕಟ್ಟಿದ ಹಾಗಿವೆ.

ಇನ್ನೊಂದು: "1953ರಲ್ಲಿ ಯುದ್ಧ ಕೊನೆಗೊಂಡಿತು." ಇಲ್ಲ. ಜುಲೈ 27ಕ್ಕೆ ಪನ್‌ಮುನ್‌ಜೊಮ್‌ನಲ್ಲಿ ಆಗಿದ್ದು ಕದನವಿರಾಮ, ಶಾಂತಿ ಒಪ್ಪಂದ ಇವತ್ತಿಗೂ ಆಗಿಲ್ಲ. ನೀವು ಹುಡುಕ್ತಿರೋ 'ದೀರ್ಘಕಾಲೀನ ಪರಿಣಾಮ' ಇರೋದೇ ಇಲ್ಲಿ. ದಕ್ಷಿಣದ ಹುಡುಗರು ಈಗಲೂ ಕಡೇಪಕ್ಷ ಒಂದೂವರೆ ವರ್ಷ ಸೈನ್ಯಕ್ಕೆ ಹೋಗಲೇಬೇಕು. ಅಣ್ಣ ಉತ್ತರಕ್ಕೆ ಹೋದ ಅಂದ್ರೆ ದಕ್ಷಿಣದಲ್ಲಿ ಉಳಿದ ತಮ್ಮನಿಗೆ ಸರ್ಕಾರಿ ನೌಕರಿ ಸಿಗ್ತಿರಲಿಲ್ಲ, 1980ರ ತನಕ ಇದೇ ಪಾಡು, ಅದಕ್ಕೇ ಎಷ್ಟೋ ಮನೆಗಳಲ್ಲಿ ಹೋದವನ ಹೆಸರನ್ನೇ ಎತ್ತುತ್ತಿರಲಿಲ್ಲ. ಉತ್ತರದಲ್ಲೂ ದಕ್ಷಿಣದ ನೆಂಟರಿರೋರನ್ನ ಅನುಮಾನದ ಪಟ್ಟಿಗೆ ಸೇರಿಸ್ತಿದ್ರು.

ನಂಗೆ ಎಲ್ಲಕ್ಕಿಂತ ಬೇಜಾರಾಗಿದ್ದು ಕೊನೇಲಿ, ನಿಮ್ಮ ವಿಳಾಸ ನೋಡಿ. ಮಡಿಕೇರಿ! ಜನರಲ್ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್', ಈಗ ಮ್ಯೂಸಿಯಂ, ನಿಮ್ಮೂರಲ್ಲೇ ಇದೆ. ವಾಪಸ್ ಹೋಗಲ್ಲ ಅಂದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿ ಕೊರಿಯಾಕ್ಕೆ ಹೋಗಿದ್ದು ಅವರೇ. ಭಾರತದ ಸೈನಿಕರು ತನ್ನ ನೆಲ ಮೆಟ್ಟಬಾರದು ಅಂತ ದಕ್ಷಿಣ ಕೊರಿಯಾದ ಆಗಿನ ಅಧ್ಯಕ್ಷ ಸಿಂಗ್‌ಮನ್ ರೀ ಹಟ ಹಿಡಿದಿದ್ದಕ್ಕೆ ನಮ್ಮವರನ್ನ ಹಡಗಿನಿಂದ ಹೆಲಿಕಾಪ್ಟರಲ್ಲೇ ಉತ್ತರ, ದಕ್ಷಿಣದ ನಡುವಿನ ಗಡಿಪಟ್ಟಿಗೆ ಸಾಗಿಸಿದ್ರು. ಕೊನೆಗೆ 88 ಕೈದಿಗಳು ಆ ಕಡೆಯೂ ಬೇಡ ಈ ಕಡೆಯೂ ಬೇಡ ಅಂದ್ರು, ಅವ್ರನ್ನ 1954ರಲ್ಲಿ ಹಡಗಲ್ಲಿ ಮದ್ರಾಸಿಗೆ ಕರ್ಕೊಂಡು ಬಂದ್ರು. ಕೆಲವರು ಆಮೇಲೆ ಬ್ರೆಜಿಲ್, ಅರ್ಜೆಂಟೀನಾಕ್ಕೆ ಹೋದ್ರು, ಕೆಲವರು ಇಲ್ಲೇ ಉಳಿದ್ರು.

ಒಂದಿನ ಆ ಮನೆಗೆ ಹೋಗಿ ಬನ್ನಿ. ಲೇಖನಾನ ಆ 88 ಜನರಿಂದ ಶುರು ಮಾಡಿ, 'ಚದುರಂಗ' ಅನ್ನೋ ಹೆಸರು ತೆಗೆದುಬಿಡಿ. ತಿಂಗಳ ಕೊನೆಯೊಳಗೆ ಕಳಿಸಿದ್ರೆ ನಾಲ್ಕು ಪುಟ ಬಿಟ್ಟಿರ್ತೀನಿ.