ಎಂಟು ಹುದ್ದೆ, ನಾಲ್ಕು ಸಂಬಳ

ಓದುಗರ ಪತ್ರ (ಸಂಕ್ಷಿಪ್ತ): ಅಮೆರಿಕದ ಕನೆಕ್ಟಿಕಟ್ ರಾಜ್ಯದ ಸಣ್ಣ ಊರೊಂದರಲ್ಲಿರುವ ಮಗಳ ಮನೆಯಲ್ಲಿ ಮೂರು ತಿಂಗಳಿದ್ದು ಬಂದೆ. ಮನೆಯ ಹತ್ತಿರವೇ ಎಪಿಸ್ಕೋಪಲ್ ಪಂಥದ ಚರ್ಚು. ಭಾನುವಾರ ಅಲ್ಲಿ ಕೈಗೆ ಕೊಟ್ಟ ಕರಪತ್ರದ ಹಿಂಬದಿಯಲ್ಲಿ ರೆಕ್ಟರ್ (ಸಭೆಯ ಮುಖ್ಯ ಪಾದ್ರಿ), ಡೀಕನ್, ಹಿರಿಯ ವಾರ್ಡನ್, ಕಿರಿಯ ವಾರ್ಡನ್, ಖಜಾಂಚಿ, ಆರ್ಗನ್ ವಾದಕರು, ಕಚೇರಿ ಆಡಳಿತಗಾರ್ತಿ, ಸೆಕ್ಸ್ಟನ್ ಎಂದು ಎಂಟು ಹುದ್ದೆಗಳಿದ್ದವು. ಅವೆಲ್ಲಕ್ಕೂ ಮೇಲೆ ‘ಸೇವಕರು: ಸಭೆಯ ಎಲ್ಲ ಜನರು’ ಎಂದಿತ್ತು, ಅದು ಅಚ್ಚಿನ ತಪ್ಪೇ? ರೆಕ್ಟರ್ ಒಬ್ಬ ಹೆಂಗಸು. ಒಂದು ಶನಿವಾರ ಒಳಕೋಣೆಯಲ್ಲಿ ವಯಸ್ಸಾದ ಹೆಂಗಸೊಬ್ಬರು ಎರಡು ಬೇಸಿನ್‌ಗಳಿದ್ದರೂ ಒಂದರಲ್ಲಿಯೇ ಬಟ್ಟೆ ಜಾಲಿಸುತ್ತಿದ್ದುದನ್ನು ಕಂಡೆ. ನಾನು ಮುಜರಾಯಿ ಶಾಖೆಯಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದವನು, ಆದ್ದರಿಂದ ಕೇಳುತ್ತೇನೆ: ಇವರನ್ನೆಲ್ಲ ನೇಮಿಸುವವರು ಯಾರು, ಸಂಬಳ ಯಾರದು, ಲೆಕ್ಕ ಯಾರಿಗೆ ಒಪ್ಪಿಸುತ್ತಾರೆ, ಬೀಗದ ಕೈ ಯಾರ ಬಳಿ? ಇನ್ನೊಂದು ಮಾತು. ನನ್ನ ಉಣ್ಣೆಯ ಟೋಪಿ ಅಲ್ಲಿಯೇ ಉಳಿದಿದೆ. ಯಾರಿಗೆ ಬರೆಯಲಿ?

ಸಂಪಾದಕರ ಉತ್ತರ:

ಮಾನ್ಯರೇ,

ತಾವು ಪ್ರಶ್ನೆಗಳನ್ನು ಕಡತದ ಟಿಪ್ಪಣಿಯ ಹಾಗೆ ಅಚ್ಚುಕಟ್ಟಾಗಿ ಜೋಡಿಸಿದ್ದೀರಿ. ಉತ್ತರ ಮಾತ್ರ ಅದೇ ಕ್ರಮದಲ್ಲಿ ಬರಲೊಲ್ಲದು, ಏಕೆಂದರೆ ಅಲ್ಲಿ ನೇಮಿಸುವವರು, ದೀಕ್ಷೆ ಕೊಡುವವರು, ಸಂಬಳ ಕೊಡುವವರು ಮತ್ತು ಬೀಗದ ಕೈ ಇಟ್ಟುಕೊಂಡವರು ಒಬ್ಬರೇ ಅಲ್ಲ. ಒಬ್ಬರೇ ಆಗಬಾರದೆಂದೇ ಹಾಗೆ ಮಾಡಿದ್ದಾರೆ.

ಮೊದಲಿಗೆ ತಸ್ತೀಕಿನ ವಿಚಾರವನ್ನು ಮುಗಿಸಿಬಿಡೋಣ. ಸರ್ಕಾರದಿಂದ ಅಲ್ಲಿನ ಪಾದ್ರಿಗಳಿಗೆ ಒಂದು ಕಾಸೂ ಇಲ್ಲ. ಕನೆಕ್ಟಿಕಟ್‌ನಲ್ಲಿ 1818ರ ಸಂವಿಧಾನ ಬರುವವರೆಗೂ ಒಂದು ಪಂಥಕ್ಕೆ ರಾಜ್ಯದ ಮನ್ನಣೆಯಿತ್ತು, ಆದರೆ ಅದು ಕಾಂಗ್ರೆಗೇಷನಲ್ ಪಂಥವೇ ಹೊರತು ಎಪಿಸ್ಕೋಪಲ್ ಅಲ್ಲ. ಎಪಿಸ್ಕೋಪಲ್ ಎಂದರೆ ಬಿಷಪ್ಪರ ಆಡಳಿತಕ್ಕೆ ಒಳಪಟ್ಟದ್ದು ಎಂದರ್ಥ. ಗ್ರೀಕ್ ಮೂಲದಲ್ಲಿ ಅದು ಮೇಲ್ವಿಚಾರಕ ಎಂಬ ಸಾದಾ ಪದ, ಕನ್ನಡ ಬೈಬಲಿನಲ್ಲಿ ‘ಸಭಾಧ್ಯಕ್ಷ’ ಎಂದಾಗಿದೆ. ವಿಚಿತ್ರವೆಂದರೆ ಬಿಷಪ್ಪರ ಹೆಸರು ಹೊತ್ತ ಈ ಪಂಥಕ್ಕೆ ಅಮೆರಿಕದಲ್ಲಿ ಬ್ರಿಟಿಷರ ಕಾಲ ಮುಗಿಯುವವರೆಗೆ ಒಬ್ಬ ಬಿಷಪ್ಪರೂ ಇರಲಿಲ್ಲ. ಪಾದ್ರಿಯಾಗಬೇಕೆಂದವನು ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿ ದೀಕ್ಷೆ ಪಡೆದು ಬರಬೇಕಿತ್ತು. ಆ ರಾಜ್ಯದಲ್ಲಿಯೇ ವುಡ್‌ಬರಿ ಎಂಬ ಪುಟ್ಟ ಊರಿದೆ. ಅಲ್ಲಿನ ‘ಗ್ಲೀಬ್ ಹೌಸ್’ ಈಗ ವಸ್ತುಸಂಗ್ರಹಾಲಯ. ಗ್ಲೀಬ್ ಎಂದರೆ ಪಾದ್ರಿಯ ಜೀವನೋಪಾಯಕ್ಕೆಂದು ಬಿಟ್ಟ ಜಮೀನು, ತಮ್ಮ ಭಾಷೆಯಲ್ಲಿ ಉಂಬಳಿ. ಆ ಮನೆಯಲ್ಲಿ 1783ರ ಮಾರ್ಚ್‌ನಲ್ಲಿ ಹತ್ತು ಮಂದಿ ಪಾದ್ರಿಗಳು ಗುಟ್ಟಾಗಿ ಸೇರಿ ನಡೆಸಿದ ಸಮಾಲೋಚನೆಯ ಫಲವಾಗಿ ಸ್ಯಾಮ್ಯುಯೆಲ್ ಸೀಬರಿ ಬಿಷಪ್ ಪದವಿಗಾಗಿ ಹಡಗು ಹತ್ತಿದರು. ಇಂಗ್ಲೆಂಡಿನಲ್ಲಿ ದೊರೆಗೆ ನಿಷ್ಠೆಯ ಪ್ರಮಾಣ ಮಾಡದೆ ದೀಕ್ಷೆ ಸಿಗುವಂತಿರಲಿಲ್ಲ, ಸ್ವತಂತ್ರ ಅಮೆರಿಕದವರು ಆ ಪ್ರಮಾಣ ಮಾಡುವಂತಿರಲಿಲ್ಲ. ಕೊನೆಗೆ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ 1784ರ ನವೆಂಬರ್ 14ರಂದು ಅಲ್ಲಿನ ಬಿಷಪ್ಪರು ಅವರಿಗೆ ದೀಕ್ಷೆ ಕೊಟ್ಟರು.

ಈ ಹಳೆಯ ಕಥೆಯನ್ನು ಎತ್ತಿದ್ದಕ್ಕೆ ಕಾರಣವಿದೆ. ಬಿಷಪ್ಪರಿಲ್ಲದ ಅಷ್ಟೂ ಕಾಲ ಪ್ರತಿಯೊಂದು ಸಭೆಯನ್ನು ನಡೆಸಿಕೊಂಡು ಬಂದವರು ಊರಿನ ಗೃಹಸ್ಥರೇ. ಅವರ ಸಮಿತಿಗೆ ವೆಸ್ಟ್ರಿ ಎಂದು ಹೆಸರು, ಪಾದ್ರಿಯ ನಿಲುವಂಗಿಗಳನ್ನಿಡುವ ಕೋಣೆಯಲ್ಲಿ ಸೇರುತ್ತಿದ್ದುದರಿಂದ ಬಂದದ್ದು. ತಮಗೆ ಪರಿಚಿತವಾದ ವ್ಯವಸ್ಥಾಪನಾ ಸಮಿತಿಗೆ ಇದು ಹತ್ತಿರ. ಆದರೆ ಸದಸ್ಯರನ್ನು ಸರ್ಕಾರ ನಾಮಕರಣ ಮಾಡುವುದಿಲ್ಲ, ವಾರ್ಷಿಕ ಸಭೆಯಲ್ಲಿ ಜನರೇ ಆರಿಸುತ್ತಾರೆ. ವಾರ್ಡನ್ನರಿಬ್ಬರೂ ಈ ವೆಸ್ಟ್ರಿಯವರೇ. ಹಿರಿಯರು ಸಾಮಾನ್ಯವಾಗಿ ರೆಕ್ಟರ್‌ಗೆ ಬಲಗೈ, ಕಿರಿಯರಿಗೆ ಕಟ್ಟಡದ ಉಸ್ತುವಾರಿ. ಸೂರು ಸೋರಿದರೆ, ಚಳಿಗಾಲದಲ್ಲಿ ಬಾಯ್ಲರ್ ಕೆಟ್ಟರೆ ರಾತ್ರಿ ಹೊತ್ತಿನಲ್ಲಿ ಫೋನ್ ಹೋಗುವುದು ಕಿರಿಯ ವಾರ್ಡನ್ನರಿಗೆ.

ಈಗ ನೇಮಕ. ನಮ್ಮ ದಕ್ಷಿಣ ಭಾರತ ಸಭೆಯೂ (ಸಿ.ಎಸ್.ಐ.) ಎಪಿಸ್ಕೋಪಲ್ ಸಭೆಯೂ ಇಂಗ್ಲೆಂಡಿನ ಚರ್ಚಿನ ಮೂಲದ ಆಂಗ್ಲಿಕನ್ ಬಳಗದ ದಾಯಾದಿಗಳು. ಆದರೂ ಇಲ್ಲಿ ಸಭಾಪಾಲಕರಿಗೆ ಬಿಷಪ್ಪರ ಕಡೆಯಿಂದ ವರ್ಗಾವಣೆಯ ಆದೇಶ ಬರುತ್ತದೆ, ಅಲ್ಲಿ ವೆಸ್ಟ್ರಿಯೇ ರೆಕ್ಟರನ್ನು ಹುಡುಕಿ ಕರೆತರಬೇಕು. ಹುಡುಕಾಟ ಸಮಿತಿಯವರು ತಮ್ಮ ಊರಿನ ಗುಣದೋಷಗಳನ್ನು ಬರೆದು ಪ್ರಕಟಿಸುತ್ತಾರೆ, ಅರ್ಜಿದಾರರೊಡನೆ ಮಾತಾಡುತ್ತಾರೆ, ಬಿಷಪ್ಪರಿಗೆ ಹೆಸರು ತಿಳಿಸಿ ಅವರ ಅಭಿಪ್ರಾಯಕ್ಕೆ ಕಾಯುತ್ತಾರೆ. ಎರಡೂ ಕಡೆಯವರು ಒಬ್ಬರನ್ನೊಬ್ಬರು ಒರೆಹಚ್ಚಿ ನೋಡುವ ಈ ಸಂಬಂಧದ ಮಾತುಕತೆ ವರ್ಷಗಟ್ಟಲೆ ಎಳೆಯುವುದೂ ಉಂಟು. ಒಮ್ಮೆ ಕುದುರಿತೆಂದರೆ ಗಂಟು ಬಿಗಿ: ರೆಕ್ಟರನ್ನು ವೆಸ್ಟ್ರಿ ತನ್ನಿಚ್ಛೆಯಂತೆ ತೆಗೆದುಹಾಕುವಂತಿಲ್ಲ, ರೆಕ್ಟರ್ ಕೂಡ ವೆಸ್ಟ್ರಿಯ ಒಪ್ಪಿಗೆಯಿಲ್ಲದೆ ರಾಜೀನಾಮೆ ಕೊಡುವಂತಿಲ್ಲ, ಜಗಳವಾದರೆ ಇಬ್ಬರೂ ಬಿಷಪ್ಪರ ಮುಂದೆ ಹೋಗಬೇಕು. ಎಪ್ಪತ್ತೆರಡಕ್ಕೆ ಮಾತ್ರ ಎಲ್ಲರಿಗೂ ನಿವೃತ್ತಿ.

ಡೀಕನ್ನರದು ಬೇರೆಯೇ ದಾರಿ. ಅವರಿಗೂ ದೀಕ್ಷೆಯಾಗಿರುತ್ತದೆ, ಕೊರಳಪಟ್ಟಿ ಇರುತ್ತದೆ. ಆದರೆ ಪ್ರಭುಭೋಜನದ ರೊಟ್ಟಿ-ದ್ರಾಕ್ಷಾರಸಗಳನ್ನು ಪ್ರತಿಷ್ಠಿಸುವ ಅಧಿಕಾರವಿಲ್ಲ, ಸಾಮಾನ್ಯವಾಗಿ ಸಂಬಳವೂ ಇಲ್ಲ. ವಾರವಿಡೀ ಶಾಲೆಯಲ್ಲೋ ಆಸ್ಪತ್ರೆಯಲ್ಲೋ ದುಡಿದು ಭಾನುವಾರ ಸುವಾರ್ತೆ ಓದಿ, ಮೇಜು ಸಿದ್ಧಪಡಿಸಿ, ಕೊನೆಗೆ ಜನರನ್ನು ಬಾಗಿಲಾಚೆಯ ಸೇವೆಗೆ ಕಳುಹಿಸುವುದು ಅವರ ಕೆಲಸ. ಹಾಗೆ ನೋಡಿದರೆ ಕರಪತ್ರದ ಎಂಟು ಹುದ್ದೆಗಳಲ್ಲಿ ಸಂಬಳ ಬರುವುದು ರೆಕ್ಟರ್, ಆರ್ಗನ್ ವಾದಕರು, ಕಚೇರಿಯವರು, ಸೆಕ್ಸ್ಟನ್ ಈ ನಾಲ್ವರಿಗೆ. ಅದರಲ್ಲಿಯೂ ಮೂವರದು ಬಹುಪಾಲು ಅರೆಕಾಲಿಕ ಕೆಲಸ. ವಾರಕ್ಕೆ ಕೆಲವೇ ಗಂಟೆ ದುಡಿಯುವ ಸೆಕ್ಸ್ಟನ್ನರು ನೆಲ ಒರೆಸುತ್ತಾರೆ, ಹಿಮ ಎತ್ತುತ್ತಾರೆ. ಹಿಂದಿನ ಕಾಲದಲ್ಲಿ ಗಂಟೆ ಬಾರಿಸಿ ಗುಣಿ ತೋಡುತ್ತಿದ್ದವರೂ ಅವರೇ.

ಈ ಸಂಬಳದ ಹಣ ಊರಿನವರ ಕಾಣಿಕೆಯದು. ಶರತ್ಕಾಲದಲ್ಲಿ ಪ್ರತಿ ಮನೆಯವರೂ ಬರುವ ವರ್ಷ ಇಷ್ಟು ಕೊಡುತ್ತೇವೆಂದು ಚೀಟಿಯಲ್ಲಿ ಬರೆದುಕೊಡುತ್ತಾರೆ. ಆ ಚೀಟಿಗಳ ಮೊತ್ತವೇ ಆಯವ್ಯಯದ ತಳಹದಿ. ರೆಕ್ಟರ್‌ನ ವೇತನವಲ್ಲದೆ ಅದರ ಮೇಲೆ ನೂರಕ್ಕೆ 18ರಂತೆ ಪಿಂಚಣಿ ನಿಧಿಗೂ ಸಭೆಯೇ ಕಟ್ಟಬೇಕು. 1917ರಿಂದ ನಡೆಯುತ್ತಿರುವ ಆ ನಿಧಿ ಪಾದ್ರಿಗಳ ಮುಪ್ಪಿನ ಭಯ ಕಳೆಯಿತು, ಸಣ್ಣ ಸಭೆಗಳ ಖಜಾಂಚಿಗಳಿಗೆ ತಲೆನೋವನ್ನೂ ತಂದಿತು. 1960ರ ದಶಕದಲ್ಲಿ ಸುಮಾರು 34 ಲಕ್ಷವಿದ್ದ ಪಂಥದ ಸದಸ್ಯಸಂಖ್ಯೆ ಈಗ ಅದರ ಅರ್ಧಕ್ಕಿಂತ ಕೆಳಗೆ ಇಳಿದಿದೆ. ಐವತ್ತು ಜನ ಬರುವ ಊರಿಗೆ ಪೂರ್ಣಾವಧಿಯ ರೆಕ್ಟರ್ ಎಲ್ಲಿಂದ ಬರಬೇಕು? ಅರ್ಧ ವೇತನದ ಪಾದ್ರಿ, ಎರಡು ಊರಿಗೆ ಒಬ್ಬರು, ನಿವೃತ್ತರಾಗಿ ಭಾನುವಾರಕ್ಕೆ ಮಾತ್ರ ಬಂದು ಹೋಗುವವರು, ಹೀಗೆ ನಡೆದಿದೆ. ತಾವು ಕಂಡ ಸಭೆಗೆ ರೆಕ್ಟರ್ ಇದ್ದಾರೆ ಎಂಬುದೇ ಅದರ ಕೈ ಇನ್ನೂ ಗಟ್ಟಿಯಾಗಿದೆ ಎಂಬುದಕ್ಕೆ ಗುರುತು.

ಲೆಕ್ಕಪತ್ರಕ್ಕೆ ಪ್ರತಿವರ್ಷ ತಪಾಸಣೆ ಆಗಲೇಬೇಕು, ಬಿಷಪ್ಪರ ಕಚೇರಿಗೆ ವಾರ್ಷಿಕ ವರದಿ ಹೋಗಲೇಬೇಕು. ಚರ್ಚಿನ ಕಟ್ಟಡವನ್ನು ಬಿಷಪ್ಪರ ಒಪ್ಪಿಗೆಯಿಲ್ಲದೆ ಅಡವಿಡುವಂತಿಲ್ಲ, ಮಾರುವಂತಿಲ್ಲ. ತಮ್ಮಂಥವರ ಮನಸ್ಸಿಗೆ ಇದು ನೆಮ್ಮದಿ ತರಬಹುದು.

ಹೆಂಗಸು ರೆಕ್ಟರ್ ಆದ ಬಗ್ಗೆ ಬಹಳ ಬೆರಗಾಗಬೇಕಿಲ್ಲ. 1974ರ ಜುಲೈ 29ರಂದು ಫಿಲಡೆಲ್ಫಿಯಾದಲ್ಲಿ ಹನ್ನೊಂದು ಮಹಿಳೆಯರು ಪಂಥದ ಅನುಮತಿಗೆ ಕಾಯದೆ ದೀಕ್ಷೆ ಪಡೆದರು. ಎರಡು ವರ್ಷದ ಬಳಿಕ ಪಂಥದ ಮಹಾಸಭೆ ಬಾಗಿಲು ತೆರೆಯಿತು. ನಮ್ಮ ದಕ್ಷಿಣ ಭಾರತ ಸಭೆಯಲ್ಲಿ ಮಹಿಳೆಯರಿಗೆ ದೀಕ್ಷೆ ಆರಂಭವಾದದ್ದೂ ಆ 1976ರಲ್ಲಿಯೇ.

ಬಟ್ಟೆ ಜಾಲಿಸುತ್ತಿದ್ದ ಆ ತಾಯಿಯ ವಿಚಾರಕ್ಕೆ ಬರುತ್ತೇನೆ. ತಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದು. ಎಂಟು ಹುದ್ದೆಗಳಲ್ಲಿ ಅವರ ಕೆಲಸಕ್ಕೆ ಹೆಸರಿಲ್ಲ. ಅವರದು ಆಲ್ಟರ್ ಗಿಲ್ಡ್, ಎಂದರೆ ಪೀಠವನ್ನು ಸಜ್ಜುಗೊಳಿಸುವ ಸ್ವಯಂಸೇವಕರ ಗುಂಪು. ಪ್ರಭುಭೋಜನದ ಬಟ್ಟಲಿನಡಿ ಹಾಸುವ ಬಿಳಿಯ ನಾರುಬಟ್ಟೆಯನ್ನು ಉದ್ದಕ್ಕೆ ಮೂರು, ಅಡ್ಡಕ್ಕೆ ಮೂರು ಮಡಿಕೆಯಾಗಿ ಒಳಮುಖಕ್ಕೆ ಮಡಿಸುತ್ತಾರೆ, ಬಿಚ್ಚಿದರೆ ಒಂಬತ್ತು ಚೌಕ ಕಾಣುತ್ತವೆ. ರೊಟ್ಟಿಯ ಒಂದು ಚೂರಿದ್ದರೂ ಅದು ಮಡಿಕೆಯೊಳಗೇ ಉಳಿಯಬೇಕು. ಆ ಬಟ್ಟೆಯನ್ನು ಮೊದಲು ಜಾಲಿಸಿದ ನೀರು ಚರಂಡಿಗೆ ಹೋಗಬಾರದು. ಅವರು ಬಟ್ಟೆ ಜಾಲಿಸುತ್ತಿದ್ದ ಬೇಸಿನ್ನಿನ ಕೊಳವೆ ನೇರವಾಗಿ ಮಣ್ಣಿಗೆ ಇಳಿಯುತ್ತದೆ. ನಿರ್ಮಾಲ್ಯವನ್ನು ತುಳಿಯುವ ಕಡೆ ಹಾಕದೆ ಗಿಡದ ಬುಡಕ್ಕೆ ಹಾಕುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ‘ಸೇವಕರು: ಸಭೆಯ ಎಲ್ಲ ಜನರು’ ಎಂಬುದೂ ಅಚ್ಚಿನ ತಪ್ಪಲ್ಲ, ಆ ಪಂಥದ 1979ರ ಪ್ರಾರ್ಥನಾಪುಸ್ತಕ ಸಭೆಯ ಸೇವಕರು ಯಾರೆಂದು ಹೇಳುವಾಗ ಮೊದಲು ಹೆಸರಿಸುವುದು ಸಾಮಾನ್ಯ ವಿಶ್ವಾಸಿಗಳನ್ನು, ಬಿಷಪ್, ಪಾದ್ರಿ, ಡೀಕನ್ ಅನಂತರ. ಆ ಸಾಲನ್ನು ಅಲಂಕಾರದ ಮಾತೆಂದು ನಾನೂ ಹಿಂದೆ ತಿಳಿದಿದ್ದೆ. ಈಗ ಹಾಗನ್ನಿಸುವುದಿಲ್ಲ, ಏಕೆಂದರೆ ರೆಕ್ಟರ್ ಹುದ್ದೆ ಖಾಲಿಯಿರುವ ತಿಂಗಳುಗಳಲ್ಲಿಯೂ ಶನಿವಾರ ಆ ಬಟ್ಟೆ ಮಡಿಕೆಯಾಗುತ್ತದೆ.

ಬೀಗದ ಕೈ ಕಾನೂನಿನ ಪ್ರಕಾರ ರೆಕ್ಟರ್‌ನದು. ಕಟ್ಟಡದ ಬಳಕೆ ಅವರ ಅಧೀನ, ಯಾವ ಹಾಡು ಹಾಡಬೇಕೆಂಬ ಕೊನೆಯ ಮಾತೂ ಅವರದೇ (ಆರ್ಗನ್ ವಾದಕರಿಗೂ ರೆಕ್ಟರ್‌ಗೂ ಆಗಾಗ ಮುನಿಸು ಬರುವುದು ಇಲ್ಲಿಯೇ). ಹೊಸ ರೆಕ್ಟರ್ ಅಧಿಕಾರ ವಹಿಸಿಕೊಳ್ಳುವ ಆರಾಧನೆಯಲ್ಲಿ ವಾರ್ಡನ್ನರು ಎಲ್ಲರೆದುರಿಗೆ ಬೀಗದ ಕೈಗಳನ್ನು ಒಪ್ಪಿಸುತ್ತಾರೆ, ಬಾಗಿಲು ಸರ್ವರಿಗೂ ತೆರೆದಿರಲಿ ಎಂದು ಕೇಳಿಕೊಳ್ಳುತ್ತಾರೆ. ಅದು ಶಾಸ್ತ್ರ. ವ್ಯವಹಾರದಲ್ಲಿ ಸೆಕ್ಸ್ಟನ್ ಬಳಿ ಒಂದು, ಆರ್ಗನ್ ವಾದಕರ ಬಳಿ ಒಂದು, ಆಲ್ಟರ್ ಗಿಲ್ಡಿನವರ ಬಳಿ ಒಂದು ಇರುತ್ತದೆ.

ಟೋಪಿಯ ಬಗ್ಗೆ ರೆಕ್ಟರ್‌ಗೆ ಬರೆಯಬೇಡಿ, ಬಿಷಪ್ಪರಿಗಂತೂ ಬೇಡವೇ ಬೇಡ. ಬಂದ ಟಪಾಲನ್ನೆಲ್ಲ ಒಡೆಯುವವರು ಕಚೇರಿಯ ಆಡಳಿತಗಾರ್ತಿ. ಅವರ ಹುದ್ದೆಯ ಹೆಸರಿಗೆ ಬರೆದು, ಟೋಪಿಯ ಬಣ್ಣವನ್ನೂ ತಾವು ಕೂತಿದ್ದ ಸಾಲನ್ನೂ ತಿಳಿಸಿ. ಸೆಕ್ಸ್ಟನ್ನರು ಅದನ್ನು ಈಗಾಗಲೇ ಎತ್ತಿ ಕಚೇರಿಯ ಯಾವುದೋ ಪೆಟ್ಟಿಗೆಗೆ ಹಾಕಿರುತ್ತಾರೆ. ತಮ್ಮ ಮಗಳು ನಡೆದು ಹೋಗಿ ತರುವಷ್ಟು ದೂರವೇ ಅಲ್ಲವೇ?

— ಸಂ.